ಮಾತ್ರೆ ಕವರಿನ ಮೇಲೆ ಬೆಳಗು ಬರೆಯುವ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಆಕಾಶ ಇನ್ನೂ ಮುಸುಕು ತೆಗೆದಿಲ್ಲ. ದೊಡ್ಡಾಸ್ಪತ್ರೆಯ ಔಷಧಿ ಕೊಠಡಿಯಲ್ಲಿ ಮಾತ್ರ ಆಗಲೇ ನಲವತ್ತು ಸೂರ್ಯರು ಹುಟ್ಟಿ, ಮೇಜಿನ ಮೇಲೆ ಸಾಲಾಗಿ ಒಣಗುತ್ತಿದ್ದಾರೆ.

ನಲವತ್ತೊಂದನೆಯವನಿಗಾಗಿ ಚಿತ್ರದಕ್ಕ ಅಚ್ಚು ಎತ್ತಿಕೊಳ್ಳುತ್ತಾರೆ. ಅಚ್ಚು ಎಂದರೆ ಸವೆದ ರಬ್ಬರ್ ಚಪ್ಪಲಿಯ ಹಿಮ್ಮಡಿಯ ತುಂಡು. ಬ್ಲೇಡಿನಿಂದ ಅದರ ಮೇಲೊಂದು ಗೆರೆ, ಗೆರೆಯ ಮೇಲೆ ಅರ್ಧ ಚಕ್ರ, ಚಕ್ರದಿಂದ ಹೊರಟ ಐದು ಕಿರಣ ಕೆತ್ತಿದ್ದಾರೆ. ಶಾಯಿಗೆ ಒತ್ತಿ, ಚೀಟಿಗೆ ಒತ್ತಿ, ಉಫ್ ಎಂದು ಊದಿ ಪಕ್ಕಕ್ಕೆ ಸರಿಸುತ್ತಾರೆ. ಮಾತ್ರೆ ಕವರಿನ ಜೊತೆ ಕೊಡುವ ಈ ಚೀಟಿಗಳು ಮನೆಯಿಂದ ತಂದವು. ಹಳೆಯ ಕ್ಯಾಲೆಂಡರಿನ ಖಾಲಿ ಬೆನ್ನನ್ನು ಕತ್ತರಿಸಿದ್ದು. ಶಾಯಿ ಸ್ವಂತದ್ದು. ಸಮಯವೂ ಸ್ವಂತದ್ದೇ, ಅವರ ಪಾಳಿ ಶುರುವಾಗುವುದು ಎಂಟಕ್ಕೆ. ಇಷ್ಟು ಹುಷಾರಾಗಿರಲು ಕಾರಣವಿದೆ. ಆಸ್ಪತ್ರೆಯ ಸಮಯದಲ್ಲಿ, ಆಸ್ಪತ್ರೆಯ ಲೇಬಲ್ಲಿನ ಮೇಲೆ ಚಿತ್ರ ಬರೆದರು ಎಂಬ ಅಪರಾಧಕ್ಕೆ ಅವರ ಕೈಗೆ ಮೆಮೊ ಬಂದು ಇವತ್ತಿಗೆ ಐದು ದಿನ. ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಉತ್ತರ ಮೇಲಿನವರಿಗೆ ಹಿಡಿಸದಿದ್ದರೆ ಕಿಟಕಿಯ ಕೆಲಸದಿಂದ ತೆಗೆದು, ಮನುಷ್ಯರ ಮುಖವೇ ಕಾಣದ ಗೋದಾಮಿಗೆ ಹಾಕುತ್ತಾರೆ.

ಅವರ ಹುದ್ದೆಗೆ ಕಾಗದದಲ್ಲಿರುವ ಹೆಸರು ಔಷಧಿ ಕಟ್ಟುವವರು. ವೈದ್ಯರು ಬರೆದದ್ದನ್ನು ಫಾರ್ಮಸಿಸ್ಟ್ ನೋಡಿ, ಎಣಿಸಿ ಕೊಡುತ್ತಾರೆ. ಇವರು ಕವರಿಗೆ ಹಾಕಿ ಕಿಟಕಿಯಿಂದಾಚೆ ದಾಟಿಸಬೇಕು. ಅಷ್ಟೇ ಕೆಲಸ. ಆದರೆ ದಾಟಿಸುವ ಮುನ್ನ ಆ ಕವರಿನ ಮೇಲೆ ಯಾವಾಗ, ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ಚಿತ್ರದಲ್ಲಿ ಹೇಳುವುದನ್ನು ಯಾರೂ ಹೇಳದೆಯೇ ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ಹುಟ್ಟುವ ಸೂರ್ಯ ಎಂದರೆ ಬೆಳಿಗ್ಗೆ. ನೆತ್ತಿಯ ಮೇಲೆ ಸೂರ್ಯನನ್ನಿಟ್ಟುಕೊಂಡು ನಿಂತ ಮನುಷ್ಯ ಎಂದರೆ ಮಧ್ಯಾಹ್ನ. ಹೊದ್ದು ಮಲಗಿದವನು ಎಂದರೆ ರಾತ್ರಿ. ಪಕ್ಕದಲ್ಲಿ ಒಂದು ಚುಕ್ಕೆಯಿದ್ದರೆ ಒಂದು ಮಾತ್ರೆ, ಅರ್ಧ ಚುಕ್ಕೆಯಿದ್ದರೆ ಅರ್ಧ. ಚುಕ್ಕೆ ಮೊದಲು ಬಂದು ತಟ್ಟೆ ಆಮೇಲೆ ಬಂದರೆ ನುಂಗಿ ಉಣ್ಣು. ತಟ್ಟೆ ಮೊದಲಿದ್ದರೆ ಉಂಡು ನುಂಗು.

ಎಂಟಕ್ಕೆ ಕಿಟಕಿ ತೆರೆಯುತ್ತದೆ. ಅದು ತೆರೆಯುವ ಮೊದಲೇ ಸಾಲು ಹೊರರೋಗಿ ವಿಭಾಗದ ಬಾಗಿಲು ದಾಟಿ, ಸೈಕಲ್ ನಿಲ್ಲಿಸುವ ಜಾಗದವರೆಗೆ ಬೆಳೆದಿರುತ್ತದೆ. ಇರುವುದು ಎರಡು ಕಿಟಕಿ. ಚಿತ್ರದಕ್ಕನ ಕಿಟಕಿಗೆ ದಿನಕ್ಕೆ ಸುಮಾರು ಮುನ್ನೂರು ಜನ, ಒಬ್ಬೊಬ್ಬರಿಗೆ ಮೂರು ನಾಲ್ಕು ಬಗೆಯ ಮಾತ್ರೆ. ಒಬ್ಬರಿಗೆ ಸಿಗುವುದು ಒಂದು ನಿಮಿಷ, ಅದರ ಮೇಲೆ ಹತ್ತು ಸೆಕೆಂಡು. ಆ ಹೊತ್ತಿನಲ್ಲಿ ಅವರು ಕವರು ಕೊಡುವುದಲ್ಲದೆ ಒಂದು ಪ್ರಶ್ನೆಯನ್ನೂ ಕೇಳುತ್ತಾರೆ.

"ಹೇಳಿ ಯಜಮಾನ್ರೇ, ಮನೆಗೆ ಹೋಗಿ ಏನ್ ಮಾಡ್ತೀರಿ?"

"ಮನೆಗೆ ಹೋಗಿ ಹೆಂಡ್ತಿ ಹತ್ರ ಬೈಸ್ಕೋತೀನಿ," ಎನ್ನುತ್ತಾನೆ ಕಿಟಕಿಯಾಚೆಯ ಬಣ್ಣ ಬಳಿಯುವವನು.

"ಅದು ದಿನಾ ಇದ್ದದ್ದೇ. ಮಾತ್ರೆ ಹೇಳಿ."

ಆತ ಚೀಟಿಯನ್ನು ದೂರ ಹಿಡಿದು ನೋಡುತ್ತಾನೆ. "ಎದ್ದ ಕೂಡ್ಲೆ ಒಂದು. ಆಮೇಲೆ ತಿಂಡಿ. ಮಲ್ಗೋವಾಗ ಇನ್ನೊಂದರ್ಧ."

"ಭೇಷ್. ಮುಂದಿನವರು ಬನ್ನಿ."

ಆ ಬಣ್ಣದವನಿಗೆ ಓದು ಬರುತ್ತದೋ ಇಲ್ಲವೋ ಅವರು ಕೇಳಲಿಲ್ಲ. ಕೇಳುವುದೇ ಇಲ್ಲ. "ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಿಟಕಿಗೆ ಬಂದೋರಲ್ಲಿ ಒಬ್ರೂ ನಂಗೆ ಓದಕ್ಕೆ ಬರಲ್ಲ ಅಂದಿಲ್ಲಮ್ಮ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಎಲ್ರೂ ಕನ್ನಡಕ ಮರೆತು ಬಂದಿರ್ತಾರೆ."

ಆ ಮಾತನ್ನು ಅವರು ಮೊದಲು ಕೇಳಿದ್ದು ಸ್ವಂತ ಅಪ್ಪನ ಬಾಯಲ್ಲಿ. ಅಪ್ಪ ಮಾರುಕಟ್ಟೆಯಲ್ಲಿ ಕೈಗಾಡಿ ಎಳೆಯುತ್ತಿದ್ದವರು. ಅವರಿಗೆ ಆಸ್ಪತ್ರೆಯಲ್ಲಿ ಎರಡು ಕವರಿನಲ್ಲಿ ಒಂದೇ ಥರದ ಬಿಳಿ ಮಾತ್ರೆ ಕೊಟ್ಟು ಕಳಿಸಿದ್ದರು. ರಾತ್ರಿ ನುಂಗಬೇಕಾದದ್ದನ್ನು ಬೆಳಿಗ್ಗೆ ನುಂಗಿ, ಇಳಿಜಾರಿನಲ್ಲಿ ಗಾಡಿ ಎಳೆಯುವಾಗ ಮಂಪರು ಹತ್ತಿ ಕಣ್ಣು ಮುಚ್ಚಿ, ಗಾಡಿ ಮೈಮೇಲೆ ಬಂದು ಕಾಲು ಮುರಿಯಿತು. ಇದೇ ಆಸ್ಪತ್ರೆಗೆ ಹೊತ್ತು ತಂದಾಗ ಒಬ್ಬರು ಗದರಿದರಂತೆ, "ಬರೆದಿದ್ದು ಕಣ್ಣಿಗೆ ಕಾಣಲ್ವೇನಯ್ಯ?" ಅಪ್ಪ ತಲೆ ತಗ್ಗಿಸಿ, "ಕನ್ನಡಕ ಮರೆತಿದ್ದೆ ಸ್ವಾಮಿ," ಅಂದರು. ಅಪ್ಪನಿಗೆ ಕನ್ನಡಕವೇ ಇರಲಿಲ್ಲ. ಆಗ ಮಗಳಿಗೆ ಹದಿನಾರು. ಮುರಿದ ಮೂಳೆ ಕೂಡಿಕೊಂಡಿತು, ಆ ತಗ್ಗಿದ ತಲೆ ಮಾತ್ರ ಆಮೇಲೆ ಸರಿಯಾಗಿ ಮೇಲೇಳಲಿಲ್ಲ ಎಂದು ಹೇಳುತ್ತ ಚಿತ್ರದಕ್ಕ ಇನ್ನೊಂದು ಚೀಟಿಗೆ ಅಚ್ಚು ಒತ್ತುತ್ತಾರೆ.

ಹಾಗೆಂದು ಅವರ ಚಿತ್ರಗಳು ಮೊದಲ ದಿನವೇ ಸರಿಯಾಗಿ ಬಂದವೆಂದಲ್ಲ. ಶುರುವಿನಲ್ಲಿ ರಾತ್ರಿಗೆ ಎಲ್ಲರೂ ಬರೆಯುವಂತೆ ಚಂದ್ರನನ್ನೇ ಬರೆದಿದ್ದರು. ತಿಂಗಳು ಕಳೆದು ಇಟ್ಟಿಗೆ ಗೂಡಿನ ತಾತನೊಬ್ಬ ಬಂದ. ಮುಗಿಯಬೇಕಿದ್ದ ರಕ್ತದೊತ್ತಡದ ಮಾತ್ರೆಯಲ್ಲಿ ಒಂಬತ್ತು ಉಳಿಸಿಕೊಂಡಿದ್ದ. ಯಾಕೆ ನುಂಗಲಿಲ್ಲ ಎಂದರೆ, "ಅಮಾವಾಸ್ಯೆ ಆಸುಪಾಸು ಚಂದ್ರ ಬರ್ಲಿಲ್ಲ, ಆಮೇಲೆ ಮೋಡ ಕಟ್ಕೊಂಡ್ತು. ಕಾದೆ ಕಾದೆ, ನಿದ್ದೆ ಬಂತು. ನೀನೇ ತಾನೆ ತಾಯಿ, ಚಂದ್ರ ಬಂದಾಗ ನುಂಗು ಅಂತ ಬರೆದಿದ್ದು?"

"ಕೊಠಡಿಯಲ್ಲಿದ್ದೋರೆಲ್ಲ ಬಿದ್ದೂ ಬಿದ್ದೂ ನಕ್ರು," ಎನ್ನುತ್ತಾರೆ ಅಕ್ಕ. "ನಂಗೆ ನಗು ಬರ್ಲಿಲ್ಲ. ನಾನು ಬರೆದಿದ್ದನ್ನ ಆ ತಾತ ನನಗಿಂತ ಚೆನ್ನಾಗಿ ಓದಿದ್ದ. ಓದೋನು ತಪ್ಪು ಮಾಡಿಲ್ಲ ಅಂದ್ಮೇಲೆ ಬರೆದೋಳದ್ದೇ ತಪ್ಪು." ಅಂದೇ ಚಂದ್ರನನ್ನು ಕೆಲಸದಿಂದ ತೆಗೆದರು. ಅವನ ಜಾಗಕ್ಕೆ ಹೊದ್ದು ಮಲಗಿದವನು ಬಂದ.

ಆ ತಾತ ಕಲಿಸಿದ ಪಾಠಕ್ಕೆ ಅವರು ಮನೆಯಲ್ಲೇ ಒಂದು ಪರೀಕ್ಷಾ ಮಂಡಳಿ ಕಟ್ಟಿದ್ದಾರೆ. ಅದರಲ್ಲಿ ಒಬ್ಬರೇ ಸದಸ್ಯರು, ಅವರ ಅತ್ತೆ. ವಯಸ್ಸು ಎಂಬತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ, ಅಕ್ಷರ ಒಂದೂ ಗೊತ್ತಿಲ್ಲ, ನಾಲಿಗೆಗೆ ಮಾತ್ರ ಯಾವ ಊನವೂ ಇಲ್ಲ. ಹೊಸ ಚಿತ್ರ ಯಾವುದೇ ಇರಲಿ, ಅತ್ತೆ ಒಪ್ಪದೆ ಕಿಟಕಿಗೆ ಹೋಗುವಂತಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ತಮ್ಮ ಮಗನ ಹೊಲಿಗೆ ಯಂತ್ರದ ಪಕ್ಕ ಕೂತು ಅತ್ತೆ ಚೀಟಿಯನ್ನು ಒಳ್ಳೆಯ ಕಣ್ಣಿನ ಹತ್ತಿರ ತಂದುಕೊಳ್ಳುತ್ತಾರೆ.

ವಾರಕ್ಕೊಂದೇ ನುಂಗುವ ಮಾತ್ರೆಗೆ ಚಿತ್ರ ಮಾಡುವಾಗ ನಡೆದ ಮಾತನ್ನು ಅತ್ತೆ ಇವತ್ತಿಗೂ ಬಿಟ್ಟಿಲ್ಲ. ಸೊಸೆ ಮೊದಲು ಏಳು ಸುತ್ತು ಬರೆದು, ಒಂದನ್ನು ಕಪ್ಪು ಮಾಡಿ ತೋರಿಸಿದ್ದರು.

"ಇದೇನೇ ಇದು, ಅಂಗಿ ಗುಂಡಿ ಅಂಗಡಿ?"

"ಮಾತ್ರೆ ಅತ್ತೆ. ಎಷ್ಟು ನುಂಗ್ಬೇಕು ಹೇಳಿ."

"ಆರು ನುಂಗ್ಬೇಕು. ಒಂದು ಕೊಳೆತು ಹೋಗಿದೆ, ಅದನ್ನ ಎಸೀಬೇಕು."

"ಅಯ್ಯೋ, ಒಂದೇ ನುಂಗ್ಬೇಕು ಅತ್ತೆ. ವಾರಕ್ಕೊಂದು!"

"ನನ್ನ ಮೇಲೆ ಯಾಕೆ ರೇಗ್ತೀಯ? ರೇಗೋ ಹಾಗಿದ್ರೆ ಮನೆಮನೆಗೂ ಹೋಗಿ ರೇಗಿ ಬಾ."

ಹನ್ನೊಂದು ಸಲ ಬರೆದು ಹನ್ನೊಂದು ಸಲ ಬೈಸಿಕೊಂಡ ಮೇಲೆ, ಸಾಲಾಗಿ ಏಳು ಜನ ಮಲಗಿರುವ ಚಿತ್ರ ಬಂತು. ಒಬ್ಬನ ತಲೆದಿಂಬಿನ ಹತ್ತಿರ ಮಾತ್ರ ಚುಕ್ಕೆ. ಅತ್ತೆ ನೋಡಿದರು. "ಏಳು ರಾತ್ರಿ ಮಲಗು, ಒಂದು ಸಲ ನುಂಗು," ಎಂದರು. ಪಾಸಾಯಿತು. ದೇಶವಿದೇಶದಲ್ಲಿ ಓದಿದವರು ಬಳಕೆದಾರರ ಪರೀಕ್ಷೆ ಎಂದು ಕರೆಯುವುದು ಇದನ್ನೇ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ, ಮುಲಾಜಿಲ್ಲದ ಒಬ್ಬ ಅತ್ತೆ ಸಾಕು.

ಈಗ ಆಸ್ಪತ್ರೆಯ ಹೊಸ ಲೇಬಲ್ಲಿನ ಮಾತಿಗೆ ಬರಬೇಕು. ಬಂದರೆ ಸಿಟ್ಟೂ ಜೊತೆಗೇ ಬರುತ್ತದೆ.

ಮೂರು ತಿಂಗಳ ಹಿಂದೆ ಆಸ್ಪತ್ರೆಗೆ ಯಂತ್ರವೊಂದು ಬಂತು. ಪ್ರತಿ ಕವರಿಗೂ ಅಂಟಿಸುವ ಮುದ್ರಿತ ಲೇಬಲ್ಲು, ಹೆಸರಾಂತ ವಿನ್ಯಾಸ ಸಂಸ್ಥೆಯೊಂದರ ಕೈಚಳಕ. ನೋಡಲು ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳೋಣ. ಎಳೆ ಹಸಿರು ಹಿನ್ನೆಲೆ. ಮೇಲೆ ಲಾಂಛನ. ನಡುವೆ ಆಸ್ಪತ್ರೆಯ ಹೊಸ ಕಟ್ಟಡದ ಫೋಟೋ. ಅದರ ಕೆಳಗೆ ಬಳುಕುವ ಅಕ್ಷರದಲ್ಲಿ ನಿಮ್ಮ ಆರೋಗ್ಯವೇ ನಮ್ಮ ಉಸಿರು ಎಂಬ ಸಾಲು. ಮೂಲೆಯಲ್ಲಿ ಫೋನಿಗೆ ತೋರಿಸುವ ಕಪ್ಪು ಬಿಳಿ ಚೌಕ. ಇಷ್ಟೆಲ್ಲ ಮುಗಿದು ತಳದಲ್ಲಿ ಉಳಿದ ಸಂದಿಯಲ್ಲಿ, ಎಳೆ ಹಸಿರಿನ ಮೇಲೆ ಎಳೆ ಬೂದು ಬಣ್ಣದಲ್ಲಿ, ಮಾತ್ರೆಯನ್ನು ಯಾವಾಗ ನುಂಗಬೇಕು ಎಂಬ ವಿಷಯ. ಅಜ್ಜಿ ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಅಡಗಿರುತ್ತದೆ. ಇಲ್ಲಿ ಬಡವರ ಪ್ರಾಣವನ್ನು ಸಾಸಿವೆ ಗಾತ್ರದ ಅಕ್ಷರದೊಳಗೆ ಅಡಗಿಸಿದ್ದಾರೆ. ರಾಕ್ಷಸನಾದರೂ ಅದನ್ನು ತನ್ನ ಪ್ರಾಣ ಉಳಿಸಿಕೊಳ್ಳಲು ಮಾಡಿದ್ದ.

ಲೇಬಲ್ಲಿನ ಜೊತೆಗೆ ಆದೇಶವೂ ಬಂತು. ಇನ್ನು ಮುಂದೆ ಕವರಿನ ಮೇಲೆ ಯಾರೂ ಏನೂ ಬರೆಯಕೂಡದು. ಚಿತ್ರದಕ್ಕ ಪಾಲಿಸಿದರು. ಚಪ್ಪಲಿಯ ಅಚ್ಚುಗಳನ್ನು ಡಬ್ಬಿಗೆ ಹಾಕಿ ಮನೆಗೆ ಒಯ್ದರು. ಚಿತ್ರ ಹೋದ ಜಾಗದಲ್ಲಿ ಬಾಯಲ್ಲಿ ಹೇಳತೊಡಗಿದರು.

ಆದೇಶ ಬಂದ ಎರಡನೇ ತಿಂಗಳಲ್ಲಿ ಕೀಲುನೋವಿನ ಸೊಪ್ಪಿನಮ್ಮ ಕಿಟಕಿಗೆ ಬಂದರು. ಬೀದಿ ಬೀದಿ ಸೊಪ್ಪು ಮಾರುವವರು, ಕೈ ಬೆರಳು ಸೊಟ್ಟಗಾಗಿವೆ. ಅವರಿಗೆ ಬರೆದದ್ದು ವಾರಕ್ಕೊಂದೇ ನುಂಗಬೇಕಾದ, ಹೆಚ್ಚಾದರೆ ವಿಷವಾಗುವ ಮಾತ್ರೆ. ದೂರದವರೆಂದು ಮೂರು ತಿಂಗಳದ್ದು ಒಟ್ಟಿಗೆ ಕೊಟ್ಟರು, ಹನ್ನೆರಡು. ಚಿತ್ರದಕ್ಕ ಕವರು ದಾಟಿಸುತ್ತ, "ವಾರಕ್ಕೊಂದೇ ಅಮ್ಮ, ಮರೀಬೇಡಿ," ಅಂದರು. ಸೊಪ್ಪಿನಮ್ಮ ತಲೆಯಾಡಿಸಿದರು. ಹತ್ತನೇ ದಿನ ಅವರನ್ನು ಆಟೋದಲ್ಲಿ ತಂದಾಗ ಬಾಯಿ ತುಂಬ ಹುಣ್ಣು, ಜ್ವರ, ನೀರೂ ಇಳಿಯುತ್ತಿರಲಿಲ್ಲ. ಸೆರಗಿನ ಗಂಟಿನಲ್ಲಿದ್ದ ಕವರಿನಲ್ಲಿ ಉಳಿದದ್ದು ಮೂರು ಮಾತ್ರೆ.

ಈಗ ಅವರು ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಒರಗಿ ಕೂತಿದ್ದಾರೆ. ಬದುಕಿದ್ದಾರೆ. ಗಂಜಿ ಕುಡಿಯುವಷ್ಟು ಬಾಯಿ ತೆರೆದಿದೆ.

"ಅಕ್ಕ ಹೇಳಿದ್ರು, ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ, ಒಂದೊಂದೇ ಮಾತು ಜೋಡಿಸುತ್ತ. "ಹೊರಗೆ ಬರೋಷ್ಟ್ರಲ್ಲಿ ಮೊಮ್ಮಗು ಅತ್ತಿತು, ಬಸ್ಸು ಬಂತು, ಮಾತು ಎಲ್ಲೋ ಉದುರಿ ಹೋಯ್ತು. ಮನೇಲಿ ಕವರು ನೋಡಿದೆ. ಮನೆ ಫೋಟೋ ಇತ್ತು. ಅದನ್ನ ನೋಡಿ ಏನು ತಿಳ್ಕೊಳ್ಳೋದು? ನೋವು ದಿನಾ ಬರುತ್ತಲ್ಲಮ್ಮ, ಮಾತ್ರೆ ವಾರಕ್ಕೊಂದು ಅಂದ್ರೆ ಯಾರಾದ್ರೂ ನಂಬ್ತಾರಾ?"

ಆಸ್ಪತ್ರೆ ವಿಚಾರಣೆ ನಡೆಸಿತು. ವರದಿ ಒಂದೇ ಪುಟ. ಸೂಚನೆಯನ್ನು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಮುದ್ರಿಸಲಾಗಿದೆ, ಅದನ್ನು ಓದದೆ ರೋಗಿಯು ಅಜಾಗರೂಕತೆ ತೋರಿದ್ದಾರೆ ಎಂದು ಅದು ಹೇಳುತ್ತದೆ. ಅಪ್ಪನನ್ನು ಗದರಿದ ದನಿಯೇ ಮೂವತ್ತು ವರ್ಷಗಳ ಮೇಲೆ ಟೈಪು ಮಾಡಿಸಿಕೊಂಡು, ಸಹಿ ಹಾಕಿಸಿಕೊಂಡು ಬಂದಂತಿದೆ. ಕೈ ಸೊಟ್ಟಗಾಗುವವರೆಗೆ ಸೊಪ್ಪಿನ ಕಟ್ಟು ಕಟ್ಟಿ ಊರಿನ ಒಲೆಗಳಿಗೆ ಒದಗಿಸಿದ ಹೆಂಗಸು ಅಜಾಗರೂಕಳು. ಎಳೆ ಹಸಿರಿನ ಮೇಲೆ ಎಳೆ ಬೂದು ಬಳಿದವರು ಜಾಗರೂಕರು!

ಆಡಳಿತಾಧಿಕಾರಿ ಸಿಡುಕಿನ ಮನುಷ್ಯರೇನಲ್ಲ. ಕೂರಿಸಿ ಮಾತಾಡುತ್ತಾರೆ. ಅವರ ಹಿಂದಿನ ಗೋಡೆಯಲ್ಲಿ ಆ ಲೇಬಲ್ಲಿಗೆ ಬಂದ ಪ್ರಶಸ್ತಿ ಫಲಕ ತೂಗುತ್ತಿದೆ.

"ನೋಡಿ, ಒಂದು ಶಿಸ್ತು ಅಂತ ಇರತ್ತೆ. ಎಲ್ಲರೂ ಅವರವರಿಗೆ ತೋಚಿದ್ದು ಗೀಚ್ತಾ ಹೋದ್ರೆ ಸಂಸ್ಥೆಗೆ ಒಂದು ಮುಖ ಅಂತ ಉಳಿಯತ್ತಾ?"

ಸೊಪ್ಪಿನಮ್ಮನಿಗೆ ಕೊಟ್ಟಂಥದೇ ಒಂದು ಕವರನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಏನು ಬರೆದಿದೆ ಓದಿ ಹೇಳುತ್ತೀರಾ ಎಂದು ನಾನು ಕೇಳಿದಾಗ ಅವರು ನಗುತ್ತಲೇ ಎತ್ತಿಕೊಂಡರು. ಕನ್ನಡಕ ಮೇಲೆ ಸರಿಸಿದರು. ಕೆಳಗೆ ಇಳಿಸಿದರು. ತೋಳುದ್ದ ದೂರ ಹಿಡಿದರು. ಎದ್ದು ಕಿಟಕಿಯ ಬಳಿ ಹೋದರು.

"ಈ ರೂಮಲ್ಲಿ ಬೆಳಕು ಸ್ವಲ್ಪ ಕಡಿಮೆ," ಎಂದರು.

ಹಗಲು ಹನ್ನೊಂದು ಗಂಟೆಯ ಬಿಸಿಲು ಅವರ ಮೊಣಕೈ ಮೇಲೆ ಬಿದ್ದಿತ್ತು.

ಸೊಪ್ಪಿನಮ್ಮ ದಾಖಲಾದ ಮರುದಿನ ಬೆಳಿಗ್ಗೆ ಚಿತ್ರದಕ್ಕ ಡಬ್ಬಿಯನ್ನು ವಾಪಸು ತಂದರು. ಯಾರನ್ನೂ ಕೇಳಲಿಲ್ಲ. ಲೇಬಲ್ಲಿನಲ್ಲಿ ಖಾಲಿ ಜಾಗವೇ ಇಲ್ಲದ್ದರಿಂದ ಹೊಸ ಕಟ್ಟಡದ ಫೋಟೋದ ಮೇಲೆಯೇ ಕಪ್ಪು ಶಾಯಿಯಲ್ಲಿ ಒತ್ತಿದರು. ಕಟ್ಟಡದ ನೆತ್ತಿಯ ಮೇಲೆ ಸೂರ್ಯ, ಹೆಬ್ಬಾಗಿಲಿಗೆ ಅಡ್ಡಲಾಗಿ ಹೊದ್ದು ಮಲಗಿದವನು. ಹದಿನಾರು ದಿನ ಹೀಗೆ ನಡೆಯಿತು. ಹದಿನೇಳನೆಯ ದಿನ ಮೆಮೊ ಬಂತು. ಸಂಸ್ಥೆಯ ಮುದ್ರಿತ ಲೇಬಲ್ಲುಗಳನ್ನು ವಿರೂಪಗೊಳಿಸಿ ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದೀರಿ, ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು?

"ಮೆಮೊ ಕೊಡೋದೇ ಆದ್ರೆ ಆ ಎರಡು ತಿಂಗಳಿಗೆ ಕೊಡ್ಬೇಕಿತ್ತು," ಎನ್ನುತ್ತಾರೆ ಅಕ್ಕ. ದನಿ ಏರುವುದಿಲ್ಲ, ಮಾತು ಮಾತ್ರ ಮೊಳೆ ಹೊಡೆದ ಹಾಗೆ ಒಂದೊಂದೇ ಬೀಳುತ್ತದೆ. "ಆದೇಶ ಬಂತು ಅಂತ ಕೈ ಕಟ್ಕೊಂಡು ಕೂತೆನಲ್ಲ, ಅದು ತಪ್ಪು. ಆ ಕವರು ದಾಟಿಸಿದ್ದು ಇದೇ ಕೈ. ಬಾಯಲ್ಲಿ ಹೇಳಿದ್ರೆ ಮನೆ ತನಕ ಮಾತು ಹೋಗಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ಅದನ್ನ ಯಾರೂ ಕೇಳ್ತಿಲ್ಲ ನೋಡಿ."

ಪ್ರತಿ ಸಂಜೆ ಪಾಳಿ ಮುಗಿದ ಮೇಲೆ ಅವರು ಹೆಂಗಸರ ವಾರ್ಡಿಗೆ ಹೋಗುತ್ತಾರೆ. ಸೊಪ್ಪಿನಮ್ಮ ಅವರನ್ನು ಒಂದು ಮಾತೂ ಅಂದಿಲ್ಲ. "ಬೈದಿದ್ರೆ ವಾಸಿಯಿತ್ತು," ಎನ್ನುತ್ತಾರೆ ಚಿತ್ರದಕ್ಕ.

ಮೆಮೊಗೆ ಉತ್ತರ ಬರೆಯುವ ವಿಷಯದಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಗಂಡ ದರ್ಜಿ, ರಗಳೆ ಬೇಡದ ಮನುಷ್ಯ. ಹೊಲಿಗೆ ನಿಲ್ಲಿಸದೆಯೇ ಹೇಳುತ್ತಾರೆ, "ತಪ್ಪಾಯ್ತು, ಇನ್ಮೇಲೆ ಮಾಡಲ್ಲ ಅಂತ ಎರಡು ಸಾಲು ಗೀಚಿ ಕೊಟ್ಬಿಡೇ. ಮುಗಿದು ಹೋಗತ್ತೆ."

"ತಪ್ಪಾಗಿದ್ರೆ ಗೀಚ್ತಿದ್ದೆ ಕಣ್ರೀ."

"ಗೋದಾಮಿಗೆ ಹಾಕಿದ್ರೆ ಏನ್ ಮಾಡ್ತೀಯ? ಅಲ್ಲಿ ಇಲಿಗಳಿಗೆ ಚಿತ್ರ ಬರ್ಕೊಡ್ತೀಯಾ?"

ಮೂಲೆಯಿಂದ ಅತ್ತೆಯ ದನಿ ಬರುತ್ತದೆ. "ಇಲಿಗಳಿಗಾದ್ರೂ ಅರ್ಥ ಆಗತ್ತೆ ಬಿಡೋ. ನೀನು ಬಟ್ಟೆ ಹೊಲಿ."

ಕೊನೆಗೆ ಅಕ್ಕ ಬರೆದ ಉತ್ತರ ಅರ್ಧ ಹಾಳೆಯದ್ದು. ಅದರಲ್ಲಿ ಕ್ಷಮೆಯಿಲ್ಲ, ವಾದವೂ ಇಲ್ಲ. ಹದಿನಾರು ದಿನದಲ್ಲಿ ತಮ್ಮ ಕಿಟಕಿಯಿಂದ ಎಷ್ಟು ಜನ ಕವರು ಒಯ್ದರು, ಅವರಲ್ಲಿ ಎಷ್ಟು ಮಂದಿ ಹೇಗೆ ನುಂಗಬೇಕೆಂದು ಕೇಳಲು ಮತ್ತೆ ಬಂದರು ಎಂಬ ಲೆಕ್ಕವಿದೆ. ಒಯ್ದವರು ನಾಲ್ಕು ಸಾವಿರದ ಏಳುನೂರು. ಮತ್ತೆ ಬಂದವರು ಆರು. ಚಿತ್ರವಿಲ್ಲದ ಎರಡು ತಿಂಗಳಲ್ಲಿ ದಿನಕ್ಕೇ ಮೂವತ್ತು ಜನ ಬರುತ್ತಿದ್ದರು. ಸಂಖ್ಯೆಗಳ ಕೆಳಗೆ, ನಾನು ಬರೆದದ್ದು ನಿಜ, ಎಂಬ ಒಂದು ಸಾಲು. ಅದರ ಕೆಳಗೆ ಸಹಿ.

ನಾಳೆ ಅದು ಆಡಳಿತಾಧಿಕಾರಿಯ ಮೇಜು ಸೇರುತ್ತದೆ. ಮುಂದೇನಾಗುತ್ತದೋ ಚಿತ್ರದಕ್ಕನಿಗೂ ತಿಳಿಯದು. ಎಂಟಕ್ಕೆ ಹತ್ತು ನಿಮಿಷವಿದೆ. ಸಾಲು ಆಗಲೇ ಗದ್ದಲ ಎಬ್ಬಿಸಿದೆ. ಅವರು ಒಣಗಿದ ಚೀಟಿಗಳನ್ನು ಬಗೆಬಗೆಯಾಗಿ ಜೋಡಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ. ಆ ಲೇಬಲ್ಲನ್ನೇ ಕಿತ್ತು ಹಾಕಿಸಬೇಕು ಅನಿಸುವುದಿಲ್ಲವೇ ಎಂದು ಕೇಳಿದರೆ ತಲೆಯಾಡಿಸಿ ಬೇಡವೆನ್ನುತ್ತಾರೆ.

"ಇರ್ಲಿ ಬಿಡಿ. ಓದಕ್ಕೆ ಬರೋರಿಗೆ ಅಕ್ಷರ ಬೇಕಲ್ಲ, ಅಷ್ಟು ದಪ್ಪಗೆ ಮಾಡ್ಲಿ. ಉಳಿದ ಜಾಗದಲ್ಲಿ ಕಟ್ಟಡನಾದ್ರೂ ಹಾಕ್ಕೊಳ್ಳಿ, ಬೇಕಾದ್ರೆ ಅವರ ಮದುವೆ ಫೋಟೋನಾದ್ರೂ ಹಾಕ್ಕೊಳ್ಳಿ. ನಂಗೆ ಎರಡು ಬೆರಳಗಲ ಖಾಲಿ ಬಿಡ್ಲಿ, ಸಾಕು." ಕಿಟಕಿಯ ಚಿಲಕಕ್ಕೆ ಕೈ ಹಾಕುತ್ತ ಸೇರಿಸುತ್ತಾರೆ, "ಎರಡು ಬೆರಳಗಲದಲ್ಲಿ ನಾನು ಒಂದು ಇಡೀ ದಿನ ಹಿಡಿಸ್ತೀನಿ."